ಚಿಟ್ಟೆಗುಂಟು ಪರೀಕ್ಷೆ, ಹಸುವಿಗೇಕಿಲ್ಲ?



ಬೆಂಗಳೂರಿನ ದಕ್ಷಿಣಕ್ಕೆ, ಕನಕಪುರ ರಸ್ತೆಯಲ್ಲಿರುವ ತಲಘಟ್ಟಪುರದ ಹೆಸರು ಕೇಳಿದೊಡನೆ ರೇಷ್ಮೆ ಬೆಳೆಗಾರರಿಗೆ ನೆನಪಾಗುವುದು ಅಲ್ಲಿರುವ ಕರ್ನಾಟಕ ರಾಜ್ಯ ರೇಷ್ಮೆ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆ. 2021ರ ಜನವರಿಯಲ್ಲಿ ಊರಿಗೆ ಮೆಟ್ರೊ ರೈಲೂ ಬಂದಿತು. ಆ ಮಾರ್ಗದ ಕೊನೆಯ ನಿಲ್ದಾಣಕ್ಕೆ ರೇಷ್ಮೆ ಸಂಸ್ಥೆಯ ಹೆಸರನ್ನೇ ಇಡಲಾಗಿದೆ. ಈ ಸೀಮೆಯಲ್ಲಿ ಹಿಪ್ಪುನೇರಳೆ ಬೆಳೆದವರಿಗೆ ಹುಳುವಿನ ಗಂಟುರೋಗ, ಅಂದರೆ ಪೆಬ್ರಿನ್, ಎಂಥ ಹಾನಿ ಮಾಡಬಲ್ಲುದೆಂಬುದನ್ನು ಹೊಸದಾಗಿ ಹೇಳಬೇಕಾಗಿಲ್ಲ. ತಾಯಿಯಿಂದ ಮೊಟ್ಟೆಗೆ ದಾಟುವ ಈ ರೋಗವನ್ನು ತಡೆಯುವ ದಾರಿಯನ್ನು ತೋರಿಸಿದವನು ಫ್ರಾನ್ಸ್ ದೇಶದ ಲೂಯಿ ಪಾಶ್ಚರ್. 1865ರಿಂದ ಕೆಲವು ವರ್ಷ ಆತನು ರೇಷ್ಮೆ ಸೀಮೆಯಲ್ಲಿ ದುಡಿದು ಕಂಡುಕೊಂಡ ಉಪಾಯ ಬಹು ಸರಳವಾದುದು. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು, ಅದರ ರಸವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು. ರೋಗಾಣು ಕಂಡುಬಂದರೆ ಆ ಮೊಟ್ಟೆಗಳನ್ನು ನಾಶಮಾಡುವುದು. ಇಂದಿಗೂ ಬಿತ್ತನೆ ಮೊಟ್ಟೆ ತಯಾರಿಕೆಯ ಆಧಾರ ಇದೇ.

ಇದು ಶವಪರೀಕ್ಷೆಯಲ್ಲದೆ ಮತ್ತೇನು? ಸತ್ತ ತಾಯಿಯನ್ನು ಪರೀಕ್ಷಿಸಿ ಬದುಕಬೇಕಾದ ಮಕ್ಕಳನ್ನು ಉಳಿಸುವ ಕೆಲಸವಿದು. ಬೆರಳ ತುದಿಯಲ್ಲಿ ಕೂರುವ ಚಿಟ್ಟೆಗೆ ಈ ಪರೀಕ್ಷೆ ಉಂಟು. ಆದರೆ ಅದೇ ರೈತನ ಕೊಟ್ಟಿಗೆಯಲ್ಲಿ, ಸಾಲ ಮಾಡಿ ತಂದ ಸೀಮೆ ಹಸು ಬೆಳಗಾಗುವಷ್ಟರಲ್ಲಿ ಸತ್ತು ಬಿದ್ದಿದ್ದರೆ ನಾವು ಮಾಡುವುದೇನು? "ಹಾವು ಕಚ್ಚಿರಬೇಕು" ಎನ್ನುತ್ತೇವೆ, "ಹೊಟ್ಟೆ ಉಬ್ಬಿ ಸತ್ತಿತು" ಎನ್ನುತ್ತೇವೆ, "ಯಾರೋ ಏನೋ ಹಾಕಿದ್ದಾರೆ" ಎನ್ನುತ್ತೇವೆ. ಗುಂಡಿ ತೋಡಿ ಮಣ್ಣು ಮುಚ್ಚುತ್ತೇವೆ. ಕಾರಣವೂ ಹಸುವಿನೊಡನೆ ಮಣ್ಣಾಗುತ್ತದೆ. ಪಕ್ಕದ ಗೂಟದಲ್ಲಿ ಕಟ್ಟಿದ ರಾಸು ಮಾತ್ರ ಅದೇ ಮೇವನ್ನು ತಿನ್ನುತ್ತ, ಅದೇ ನೀರನ್ನು ಕುಡಿಯುತ್ತ ನಿಂತಿರುತ್ತದೆ.

ನಾನು ಬೇಸಾಯಶಾಸ್ತ್ರದವನು, ಪಶುವೈದ್ಯನಲ್ಲ. ಆದರೂ ಈ ವಿಷಯವನ್ನು ಎತ್ತಿಕೊಳ್ಳಲು ಕಾರಣವಿದೆ. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆ ನಮ್ಮ ಹೊಲದ ಮುಂದುವರಿದ ಭಾಗ. ನಾವು ಹೊಲದಲ್ಲಿ ಮಾಡಿದ್ದರ ಲೆಕ್ಕ ಅನೇಕ ಬಾರಿ ಅಲ್ಲಿಯೇ ಸಿಗುತ್ತದೆ.

ರಕ್ತದ ಬಣ್ಣ ಹೇಳುವ ಮಾತು

ಮುಂಗಾರು ಕೈಕೊಟ್ಟ ವರ್ಷ ಮೇವಿನ ಜೋಳ ಮೊಣಕಾಲುದ್ದ ಬೆಳೆದು ಬಾಡಿ ನಿಂತಿದೆ ಎನ್ನೋಣ. ಹಸಿದ ದನ ಅದಕ್ಕೆ ಬಾಯಿಹಾಕಿ ಸ್ವಲ್ಪ ಹೊತ್ತಿನಲ್ಲೇ ಏದುಸಿರು ಬಿಟ್ಟು ಬಿದ್ದು ಸಾಯುತ್ತದೆ. ಎಳೆಯ ಜೋಳದಲ್ಲಿ, ಬರದಿಂದ ಕುಂಠಿತವಾದ ಪೈರಿನಲ್ಲಿ ಹಾಗೂ ಕೊಯ್ದ ಮೇಲೆ ಚಿಗುರುವ ಕೂಳೆಯಲ್ಲಿ ಸೈನೈಡ್ ವಿಷವನ್ನು ಉಂಟುಮಾಡುವ ವಸ್ತು ಹೆಚ್ಚಾಗಿರುತ್ತದೆ. ಈ ವಿಷ ತಗುಲಿದಾಗ ರಕ್ತದಲ್ಲಿ ಆಮ್ಲಜನಕ ಇದ್ದರೂ ದೇಹ ಅದನ್ನು ಬಳಸಿಕೊಳ್ಳಲಾರದು. ಆದ್ದರಿಂದ ರಕ್ತ ಕಡುಗೆಂಪಾಗಿ ಹೊಳೆಯುತ್ತದೆ.

ಇನ್ನೊಂದು ಹೊಲವನ್ನು ನೋಡಿ. ಅಲ್ಲಿ ಮೇವಿನ ಬೆಳೆಗೆ ಯೂರಿಯಾ ಧಾರಾಳವಾಗಿ ಬಿದ್ದಿದೆ, ಅಥವಾ ನಗರದ ಕೊಳಚೆ ನೀರು ಹರಿದಿದೆ. ಆಮೇಲೆ ಮಳೆ ಹೋಗಿದೆ, ಇಲ್ಲವೆ ಮೋಡ ಕವಿದಿದೆ. ಗಿಡ ಹೀರಿದ ಸಾರಜನಕವನ್ನು ಅರಗಿಸಿಕೊಳ್ಳಲಾಗದೆ ದಂಟಿನ ಕೆಳಭಾಗದಲ್ಲಿ ನೈಟ್ರೇಟ್ ರೂಪದಲ್ಲಿ ಶೇಖರಿಸಿಟ್ಟಿದೆ. ಇದನ್ನು ತಿಂದ ಹಸುವೂ ಏದುಸಿರು ಬಿಟ್ಟು ಬೇಗನೆ ಸಾಯುತ್ತದೆ. ಆದರೆ ಇಲ್ಲಿ ರಕ್ತವೇ ಆಮ್ಲಜನಕವನ್ನು ಹೊರುವ ಶಕ್ತಿ ಕಳೆದುಕೊಂಡಿರುವುದರಿಂದ ಅದರ ಬಣ್ಣ ಚಾಕೊಲೇಟಿನಂತೆ ಕಂದು.

ಹೊರಗಿನಿಂದ ನೋಡಿದವನಿಗೆ ಎರಡೂ ಸಾವು ಒಂದೇ. ಆದರೆ ಪರಿಹಾರ ಬೇರೆ ಬೇರೆ. ಸೈನೈಡಿಗೆ ಕೊಡುವ ಸೋಡಿಯಂ ನೈಟ್ರೈಟ್ ಚುಚ್ಚುಮದ್ದನ್ನು ನೈಟ್ರೇಟ್ ವಿಷವಾದ ರಾಸಿಗೆ ಕೊಟ್ಟರೆ ಅಪಾಯ ಇನ್ನೂ ಹೆಚ್ಚುತ್ತದೆ. ಹೊಲದಲ್ಲಿ ಮಾಡಬೇಕಾದುದೂ ಬೇರೆಯೇ. ಜೋಳವನ್ನು ಹೂ ಬಿಟ್ಟ ಮೇಲೆ ಕೊಯ್ದು ಚೆನ್ನಾಗಿ ಒಣಗಿಸಿದರೆ ಸೈನೈಡಿನ ಅಪಾಯ ಬಹುಮಟ್ಟಿಗೆ ಇಳಿಯುತ್ತದೆ. ನೈಟ್ರೇಟ್ ಹಾಗಲ್ಲ, ಒಣಗಿಸಿದರೂ ಹುಲ್ಲಿನಲ್ಲೇ ಉಳಿಯುತ್ತದೆ. ಆ ಮೇವನ್ನು ರಾಗಿ ಹುಲ್ಲಿನೊಡನೆ ಬೆರೆಸಿ ಸ್ವಲ್ಪ ಸ್ವಲ್ಪವೇ ಕೊಡಬೇಕು, ಬುಡದ ದಂಟನ್ನು ಬಿಟ್ಟು ಎತ್ತರದಲ್ಲಿ ಕೊಯ್ಯಬೇಕು, ಮುಂದಿನ ಬೆಳೆಗೆ ಗೊಬ್ಬರದ ಪ್ರಮಾಣವನ್ನು ಸರಿಪಡಿಸಬೇಕು. ಯಾವ ಸಲಹೆ ಕೊಡಬೇಕೆಂಬುದು ಸತ್ತ ಹಸುವಿನ ರಕ್ತ, ಹೊಟ್ಟೆಯ ಮೇವು ಮತ್ತು ಹೊಲದ ಮೇವು ಮೂರನ್ನೂ ನೋಡಿದಾಗ ತೀರ್ಮಾನವಾಗುವ ಮಾತು. ಸಾವಿನ ಕಾರಣ ಗೊತ್ತಿಲ್ಲದೆ ನಾನು ಕೊಡುವ ಮೇವಿನ ಸಲಹೆ ಕತ್ತಲೆಯಲ್ಲಿ ಕಲ್ಲೆಸೆದಂತೆಯೇ ಸರಿ.

ನಗರದ ಅಂಚಿನ ಹೊಸ ಕಾಯಿಲೆಗಳು

ತಲಘಟ್ಟಪುರದಂಥ ಊರುಗಳಲ್ಲಿ ಗೋಮಾಳ ಕಿರಿದಾಗಿ ಕಟ್ಟಡಗಳು ಹೆಚ್ಚಾಗಿವೆ. ಮೇಯಲು ಬಿಟ್ಟ ದನ ಹುಲ್ಲಿನೊಡನೆ ಕಟ್ಟುಕಂಬಿಯ ಚೂರು, ಮೊಳೆ, ಪ್ಲಾಸ್ಟಿಕ್ ಚೀಲ ಎಲ್ಲವನ್ನೂ ನುಂಗುತ್ತದೆ. ಹಸು ಮೊದಲು ನುಂಗಿ ಆಮೇಲೆ ಅಗಿಯುವ ಪ್ರಾಣಿ. ಬಾಯಲ್ಲಿ ಆರಿಸಿ ಉಗುಳುವುದು ಅದಕ್ಕೆ ಗೊತ್ತಿಲ್ಲ. ಕಂಬಿಯ ಚೂರು ಜೇನುಗೂಡಿನಂತಿರುವ ಎರಡನೆಯ ಹೊಟ್ಟೆಯಲ್ಲಿ ತಂಗುತ್ತದೆ. ಅದಕ್ಕೂ ಹೃದಯಕ್ಕೂ ನಡುವೆ ಇರುವುದು ವಪೆಯ ತೆಳುವಾದ ಪರದೆ ಮಾತ್ರ. ಗಬ್ಬ ತುಂಬಿದಾಗ ಅಥವಾ ಕರು ಹಾಕುವಾಗ ಒತ್ತಡ ಬಿದ್ದು ಕಂಬಿ ಹೃದಯದ ಚೀಲವನ್ನೇ ಚುಚ್ಚಬಹುದು. ಹಾಲು ಇಳಿಯಿತು, ಎದೆಯ ಕೆಳಗೆ ನೀರು ತುಂಬಿತು, ಜ್ವರವೆಂದು ಔಷಧಿ ಹಾಕಿದರೂ ಕೇಳಲಿಲ್ಲ, ಸತ್ತಿತು. ಕೊಯ್ದು ನೋಡಿದಾಗ ಕೈಗೆ ಸಿಗುವುದು ಎರಡು ಅಂಗುಲದ ಕಂಬಿ! ಕಂಡವನು ಅಂದೇ ಕೊಟ್ಟಿಗೆಯ ಸುತ್ತ ಕಂಬಿ ಆರಿಸುತ್ತಾನೆ. ಉಳಿದ ರಾಸುಗಳ ಹೊಟ್ಟೆಗೆ ಅಯಸ್ಕಾಂತ ಹಾಕಿಸುವ ಬಗ್ಗೆ ವೈದ್ಯರನ್ನು ಕೇಳುತ್ತಾನೆ. ರಾಜ್ಯದಲ್ಲಿ 2016ರಲ್ಲೇ ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸಿದ್ದರೂ ಹಸುವಿನ ಹೊಟ್ಟೆಗೆ ಆ ನಿಷೇಧ ಇನ್ನೂ ಪೂರ್ತಿಯಾಗಿ ತಲಪಿಲ್ಲ.

ಕಲ್ಯಾಣ ಮಂಟಪದಲ್ಲಿ ಉಳಿದ ಅನ್ನವನ್ನು ಪುಣ್ಯವೆಂದು ಹಸುವಿಗೆ ಸುರಿಯುವುದು ಇನ್ನೊಂದು ಅನಾಹುತ. ಹುಲ್ಲಿಗೆ ಹೊಂದಿಕೊಂಡ ಹೊಟ್ಟೆಗೆ ಒಮ್ಮೆಗೇ ಬುಟ್ಟಿಗಟ್ಟಲೆ ಅನ್ನ ಬಿದ್ದರೆ ಅದು ಹುಳಿತು ಆಮ್ಲವಾಗಿ, ಹಸು ನೆಲ ಹಿಡಿಯುತ್ತದೆ. ಇಂಥ ಸಾವಿನಲ್ಲಿ ಹೊಟ್ಟೆ ಉಬ್ಬಿರುವುದು ನಿಜ. ಆದರೆ ಬಿಸಿಲಿನಲ್ಲಿ ಬಿದ್ದ ಯಾವುದೇ ಶವದ ಹೊಟ್ಟೆಯೂ ಕೆಲವೇ ಗಂಟೆಗಳಲ್ಲಿ ಉಬ್ಬುತ್ತದೆ. ಸಾಯುವ ಮೊದಲು ಉಬ್ಬಿತ್ತೇ, ಸತ್ತ ಮೇಲೆ ಉಬ್ಬಿತೇ ಎಂಬುದನ್ನು ತಿಳಿಯಲು ಪಳಗಿದ ಕಣ್ಣು ಬೇಕು. "ಉಬ್ಬರದಿಂದ ಸತ್ತಿತು" ಎಂಬ ನಮ್ಮ ತೀರ್ಪು ಎಷ್ಟೋ ಬಾರಿ ಸುಳ್ಳಾಗುವುದು ಇಲ್ಲಿಯೇ.

ಕೊಯ್ಯಬಾರದ ಶವ

ಶವಪರೀಕ್ಷೆ ಬಲ್ಲವನು ಮೊದಲು ಕಲಿಯುವುದು ಯಾವುದನ್ನು ಕೊಯ್ಯಬಾರದು ಎಂಬುದನ್ನು. ಚೆನ್ನಾಗಿದ್ದ ರಾಸು ಹಠಾತ್ತನೆ ಸತ್ತು, ಮೂಗು ಅಥವಾ ಗುದದ್ವಾರದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಹರಿದು, ಶವ ಸೆಟೆಯದೆ ಬೇಗ ಉಬ್ಬಿದರೆ ಅದು ನೆರಡಿ, ಅಂದರೆ ಆಂತ್ರಾಕ್ಸ್ ರೋಗವೆಂದೇ ಶಂಕಿಸಬೇಕು. ಅಂಥ ಶವವನ್ನು ಕೊಯ್ಯುವುದಾಗಲಿ, ಚರ್ಮ ಸುಲಿಯುವುದಾಗಲಿ ಕೂಡದು. ಗಾಳಿ ತಗುಲಿದ ರೋಗಾಣು ಗಟ್ಟಿ ಕವಚದ ಬೀಜಾಣುವಾಗಿ ಹತ್ತಾರು ವರ್ಷ ಮಣ್ಣಿನಲ್ಲಿ ಉಳಿಯುತ್ತದೆ, ಮನುಷ್ಯನಿಗೂ ತಗಲುತ್ತದೆ. ಇಲ್ಲಿ ವೈದ್ಯರು ಕಿವಿಯ ರಕ್ತನಾಳದಿಂದ ಒಂದು ತೊಟ್ಟು ರಕ್ತವನ್ನು ಗಾಜಿನ ಪಟ್ಟಿಗೆ ತೆಗೆದುಕೊಂಡು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ರೋಗ ಖಚಿತವಾದರೆ ಶವವನ್ನು ಇಡಿಯಾಗಿ ಸುಡಬೇಕು, ಇಲ್ಲವೆ ಆಳವಾದ ಗುಂಡಿಯಲ್ಲಿ ಸುಣ್ಣ ಸುರಿದು ಹೂಳಬೇಕು. ಆದ್ದರಿಂದಲೇ ಮನೆಯವರು ತಾವೇ ಕತ್ತಿ ಹಿಡಿದು ನೋಡುವ ಸಾಹಸಕ್ಕೆ ಎಂದೂ ಕೈಹಾಕಬಾರದು.

ಕಾಗದದ ಪರೀಕ್ಷೆ, ಕಾರಣದ ಪರೀಕ್ಷೆ

ಇಂದು ಹಳ್ಳಿಗಳಲ್ಲಿ ಶವಪರೀಕ್ಷೆ ಎಂದೊಡನೆ ನೆನಪಾಗುವುದು ವಿಮೆ. ಕಿವಿಯ ಓಲೆ, ಛಾಯಾಚಿತ್ರ, ಪ್ರಮಾಣಪತ್ರ ಒದಗಿಸಿದರೆ ಹಣ ಬರುತ್ತದೆ. ಇದು ಬೇಕಾದದ್ದೇ, ರೈತನ ನಷ್ಟ ತುಂಬಬೇಕು. ಆದರೆ ವಿಮೆಯ ಹಣ ಸತ್ತ ಹಸುವಿನ ಬೆಲೆ. ಬದುಕಿರುವ ಹಸುವಿನ ರಕ್ಷಣೆ ಅದರಿಂದ ಆಗುವುದಿಲ್ಲ. ನಮೂನೆ ತುಂಬಿಸುವ ಪರೀಕ್ಷೆಗೂ ಕಾರಣ ಹುಡುಕುವ ಪರೀಕ್ಷೆಗೂ ಅಜಗಜಾಂತರವಿದೆ.

ತಪ್ಪು ಪಶುವೈದ್ಯರದೆಂದು ನಾನು ಹೇಳುತ್ತಿಲ್ಲ. ಕೃತಕ ಗರ್ಭಧಾರಣೆ, ಲಸಿಕೆ, ಚಿಕಿತ್ಸೆ, ಸಭೆ, ವರದಿಗಳ ನಡುವೆ ಅವರಿಗೆ ಬಿಡುವೆಲ್ಲಿ? ಶವಪರೀಕ್ಷೆ ಪುಸ್ತಕ ಓದಿ ಬರುವ ವಿದ್ಯೆಯಲ್ಲ. ಅನುಭವಿಗಳ ಪಕ್ಕದಲ್ಲಿ ನಿಂತು ಹತ್ತಾರು ಶವಗಳನ್ನು ಕೈಯಾರೆ ತೆರೆದು ನೋಡಿದ ಮೇಲೆಯೇ ಸಹಜವಾದ ಬದಲಾವಣೆ ಯಾವುದು, ರೋಗದ ಗುರುತು ಯಾವುದು ಎಂಬುದು ತಿಳಿಯುತ್ತದೆ. ಹೀಗಾಗಿ ಪದವಿಯ ನಂತರವೂ ದನ, ಎಮ್ಮೆ, ಕುರಿ, ಮೇಕೆಗಳ ಉತ್ಪಾದನೆ ಹಾಗೂ ಮರಣೋತ್ತರ ರೋಗನಿದಾನದಲ್ಲಿ ಉನ್ನತ ತರಬೇತಿ ಪಡೆದ ವೈದ್ಯರೊಬ್ಬರಾದರೂ ಪ್ರತಿ ತಾಲ್ಲೂಕಿಗೆ ಇರಬೇಕೆಂಬುದು ನನ್ನ ಅಭಿಪ್ರಾಯ. ಆ ತರಬೇತಿಯಲ್ಲಿ ಮೇವಿನ ಬೆಳೆ, ನೀರು, ಕೊಟ್ಟಿಗೆ, ಹಾಲಿನ ಲೆಕ್ಕ ಎಲ್ಲವೂ ಸೇರಬೇಕು.

ಇದು ನಮ್ಮ ನಾಡಿಗೆ ಹೊಸ ಕನಸೇನಲ್ಲ. ಹೆಬ್ಬಾಳದಲ್ಲಿ 1925ರಲ್ಲೇ ದೊಡ್ಡರೋಗದ ವಿರುದ್ಧ ಮೈಸೂರು ಸಂಸ್ಥಾನ ಸೀರಂ ಸಂಸ್ಥೆಯನ್ನು ತೆರೆಯಿತು. ಅದೇ ಇಂದಿನ ಪಶು ಆರೋಗ್ಯ ಮತ್ತು ಜೈವಿಕ ಉತ್ಪನ್ನಗಳ ಸಂಸ್ಥೆ. 1958ರಲ್ಲಿ ಹೆಬ್ಬಾಳಕ್ಕೆ ಪಶುವೈದ್ಯ ಕಾಲೇಜು ಬಂದಿತು. 1954ರಲ್ಲಿ ದೇಶಾದ್ಯಂತ ಆರಂಭವಾದ ದೊಡ್ಡರೋಗ ನಿರ್ಮೂಲನ ಕಾರ್ಯ ಫಲಿಸಿ, ಭಾರತ 2006ರಲ್ಲಿ ಆ ರೋಗದಿಂದ ಮುಕ್ತವೆನಿಸಿತು. 2011ರಲ್ಲಿ ಇಡೀ ಜಗತ್ತೇ ಮುಕ್ತವಾಯಿತು. ಈ ಗೆಲುವು ಲಸಿಕೆಯೊಂದರಿಂದಲೇ ಬಂದದ್ದಲ್ಲ. ಊರೂರು ಹುಡುಕಿ, ಶಂಕೆಯ ಪ್ರಕರಣಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ, "ಇನ್ನಿಲ್ಲ" ಎಂದು ಖಚಿತಪಡಿಸಿಕೊಂಡ ಮೇಲೆ ಬಂದದ್ದು. 2022ರಲ್ಲಿ ಚರ್ಮಗಂಟು ರೋಗ ನಮ್ಮ ಜಿಲ್ಲೆಗಳಲ್ಲಿ ಹಬ್ಬಿದಾಗ, ಹೊಸ ರೋಗ ಬಾಗಿಲಿಗೆ ಬರುವುದು ಎಷ್ಟು ಬೇಗ ಎಂಬುದನ್ನು ಕಣ್ಣಾರೆ ಕಂಡೆವು.

ಇನ್ನೊಂದು ಮಾತು. 1964ರಲ್ಲಿ ಕೃಷಿ ವಿಶ್ವವಿದ್ಯಾಲಯ ಆರಂಭವಾದಾಗ ಬೇಸಾಯ, ಪಶುವೈದ್ಯ ಎರಡೂ ಒಂದೇ ಸೂರಿನಡಿ ಇದ್ದವು. 2004ರ ಕಾಯಿದೆಯಂತೆ ಬೀದರಿನಲ್ಲಿ ಪಶುವೈದ್ಯಕ್ಕೆ ಪ್ರತ್ಯೇಕ ವಿಶ್ವವಿದ್ಯಾಲಯವಾಯಿತು. ವಿದ್ಯೆ ಬೆಳೆದಂತೆ ಮನೆ ಬೇರೆಯಾಗುವುದು ಸಹಜ. ಆದರೆ ರೈತನ ಮನೆಯಲ್ಲಿ ಹೊಲ, ಕೊಟ್ಟಿಗೆ ಇನ್ನೂ ಬೇರೆಯಾಗಿಲ್ಲ. ಆದ್ದರಿಂದ ಮೇವಿನ ಶಂಕೆಯಿರುವ ಪ್ರತಿ ಸಾವಿನಲ್ಲೂ ಪಶುವೈದ್ಯರೊಡನೆ ಬೇಸಾಯ ತಜ್ಞನೂ ಹೊಲಕ್ಕೆ ಇಳಿಯುವ ಏರ್ಪಾಡಾಗಲಿ. ಹೋಬಳಿಗೊಂದು ಕಡೆ ನೀರು, ಕಟ್ಟೆ, ಗುಂಡಿ ಇರುವ ಜಾಗವನ್ನು ಇದಕ್ಕೆಂದೇ ಕಾದಿರಿಸಲಿ. ಅಡಿಯ ಲೆಕ್ಕದಲ್ಲಿ ನೆಲ ಮಾರಾಟವಾಗುವ ತಲಘಟ್ಟಪುರದ ಕಡೆ ಇದನ್ನು ಈಗಲೇ ಮಾಡದಿದ್ದರೆ ಮುಂದೆ ಜಾಗವೇ ಉಳಿಯದು. ವರದಿ ಕಚೇರಿಯ ಕಡತದಲ್ಲಿ ಕೂರದೆ, ಕನ್ನಡದಲ್ಲಿ, ರೈತನ ಕೈಗೆ ಬೇಗನೆ ಬರಲಿ.

ನೀವು ಮಾಡಬೇಕಾದುದು

1. ಕಾರಣ ತಿಳಿಯದೆ ರಾಸು ಸತ್ತರೆ ತಡಮಾಡದೆ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ. ಕಾಯಿಲೆ ಬಿದ್ದ ರಾಸಿಗೆ ಸಂಚಾರಿ ಘಟಕ ಬೇಕಾದರೆ 1962 ಸಂಖ್ಯೆಗೆ ಕರೆ ಮಾಡಿ. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆ ಸತ್ತ ಮೇಲೂ ಹುದುಗುತ್ತಿರುವುದರಿಂದ ಶವ ಬಹುಬೇಗ ಕೆಡುತ್ತದೆ. ಬೆಳಗ್ಗೆ ಸತ್ತದ್ದನ್ನು ಸಂಜೆ ತೋರಿಸಿದರೆ ಹೆಚ್ಚೇನೂ ತಿಳಿಯದು.

2. ವೈದ್ಯರು ಬರುವವರೆಗೆ ಶವವನ್ನು ನೆರಳಿನಲ್ಲಿಡಿ. ನಾಯಿ, ಕಾಗೆ, ಮಕ್ಕಳನ್ನು ದೂರವಿಡಿ. ರಕ್ತ, ಜೊಲ್ಲನ್ನು ಬರಿಗೈಯಲ್ಲಿ ಮುಟ್ಟಬೇಡಿ.

3. ಉಳಿದ ರಾಸುಗಳಿಗೆ ಅದೇ ಮೇವು, ನೀರು ಕೊಡುವುದನ್ನು ನಿಲ್ಲಿಸಿ. ಗೋದಲಿಯ ಮೇವನ್ನು ಎಸೆಯದೆ ಒಂದು ಹಿಡಿಯಷ್ಟನ್ನು ಪರೀಕ್ಷೆಗೆ ತೆಗೆದಿಡಿ.

4. ಹಿಂದಿನ ಎರಡು ದಿನ ಏನು ತಿನ್ನಿಸಿದಿರಿ, ಹೊಲಕ್ಕೆ ಯೂರಿಯಾ ಯಾವಾಗ ಹಾಕಿದಿರಿ, ಔಷಧಿ ಯಾವಾಗ ಹೊಡೆದಿರಿ, ಲಸಿಕೆ ಯಾವಾಗ ಆಯಿತು ಎಂಬುದನ್ನು ಮರೆಮಾಚದೆ ಹೇಳಿ. ಇದಕ್ಕೆ ಮಕ್ಕಳ ಹಳೆಯ ನೋಟುಬುಕ್ಕೊಂದು ಸಾಕು.

5. ಮಾದರಿಗಳನ್ನು ತೆಗೆಯುವುದು ವೈದ್ಯರ ಕೆಲಸ. ರೋಗಾಣು ಬೆಳೆಸಿ ನೋಡುವ ಮಾದರಿ ಮಂಜುಗಡ್ಡೆಯಲ್ಲಿ, ಅಂಗಾಂಶದ ತುಣುಕು ಫಾರ್ಮಲಿನ್‌ನಲ್ಲಿ, ವಿಷದ ಶಂಕೆಯಿರುವ ಹೊಟ್ಟೆಯ ಮೇವು ಬಿಗಿಮುಚ್ಚಳದ ಡಬ್ಬಿಯಲ್ಲಿ ಹೋಗಬೇಕು. ನಗರವನ್ನು ದಾಟಿ ಹೆಬ್ಬಾಳಕ್ಕೆ ಅವು ಬೇಗ ತಲಪಲು ನೀವು ನೆರವಾಗಬಹುದು.

"ಮನೆ ಮಗಳಂತೆ ಸಾಕಿದ ಹಸುವನ್ನು ಕೊಯ್ಸುವುದೇ?" ಎಂದು ಮನೆಯ ಹಿರಿಯರು ನೊಂದುಕೊಳ್ಳುವುದುಂಟು. ಆ ನೋವು ಗೌರವಕ್ಕೆ ಅರ್ಹವಾದುದು. ಪರೀಕ್ಷೆಯಾದ ಮೇಲೆ ಅರಿಸಿನ ಕುಂಕುಮವಿಟ್ಟು ಹೂಳಲು ಯಾವ ಅಡ್ಡಿಯೂ ಇಲ್ಲ. ಆದರೆ ವಿಷ ಹಾಕಿದರೆಂಬ ಬರೀ ಗುಮಾನಿಯಿಂದ ಅಕ್ಕಪಕ್ಕದ ಮನೆಗಳು ಮಾತು ಬಿಟ್ಟ ಊರುಗಳು ಎಷ್ಟಿಲ್ಲ? ಜೋಳದ ಕೂಳೆ ಮಾಡಿದ ತಪ್ಪಿಗೆ ನೆರೆಯವನು ಶತ್ರುವಾಗಬಾರದು.

ಬಸಿರಾದ ಹಸು, ಎದ್ದು ನಿಲ್ಲಲು ಕಲಿಯುತ್ತಿರುವ ಕರು, ಹಾಲು ಕುಡಿಯುವ ಮಗು, ಹಾಲು ಕರೆಯುವ ಹೆಂಗಸು ಇವರೆಲ್ಲರ ಕ್ಷೇಮವೂ ಆ ಒಂದು ಗಂಟೆಯ ಪರೀಕ್ಷೆಯಲ್ಲಿ ಅಡಗಿರಬಹುದು. ಮುಂದಿನ ಬಾರಿ ಗುದ್ದಲಿ ಎತ್ತುವ ಮೊದಲು ಪಶುವೈದ್ಯರಿಗೆ ಹೇಳಿಕಳುಹಿಸಿ. ಬಂದವರನ್ನು "ಯಾಕೆ ಸತ್ತಿತು ಸ್ವಾಮಿ?" ಎಂದು ಕೇಳಿ, ಉತ್ತರ ಸಿಗುವವರೆಗೂ ಬಿಡಬೇಡಿ. ರೈತರು ಕೇಳತೊಡಗಿದರೆ ತರಬೇತಿಯೂ ಬರುತ್ತದೆ, ಜಾಗವೂ ಬರುತ್ತದೆ, ಪ್ರಯೋಗಾಲಯವೂ ಹತ್ತಿರವಾಗುತ್ತದೆ.