ಹಾರ್ನ್‌ಬಿಯ ಬಿಸಿಲು: ಚರ್ಮದ ಕ್ಯಾನ್ಸರ್ ಚಿಕಿತ್ಸೆಯ ದೂರ ಮತ್ತು ವೆಚ್ಚ

ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದ ಪಶ್ಚಿಮದ ಅಂಚಿನಲ್ಲಿರುವ ಹಾರ್ನ್‌ಬಿ ಕಾರ್ಖಾನೆ, ಗೋದಾಮು, ಅಂಗಡಿಸಾಲುಗಳ ಬಡಾವಣೆ. ಅಲ್ಲಿಂದ ಮೇನ್ ಸೌತ್ ರಸ್ತೆಯಲ್ಲಿ ತುಸು ಮುಂದೆ ಸಾಗಿದರೆ ಸೆಲ್ವಿನ್ ಜಿಲ್ಲೆಯ ಹೊಲಗಳೂ ಹೈನುಗಾರಿಕೆಯ ಹುಲ್ಲುಗಾವಲುಗಳೂ ಆರಂಭವಾಗುತ್ತವೆ. ಕ್ರೈಸ್ಟ್‌ಚರ್ಚ್ ಆಸ್ಪತ್ರೆ ಹಾರ್ನ್‌ಬಿಯವರಿಗೆ ಹತ್ತು ಕಿ.ಮೀ. ಒಳಗೇ ಇದೆ. ಆದರೆ ಡಾರ್ಫೀಲ್ಡ್, ಆಶ್‌ಬರ್ಟನ್‌ಗಳಿಗೂ, ಪರ್ವತದಾಚೆಯ ಗ್ರೇಮೌತ್‌ಗೂ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರ ಅದೇ ಆಸ್ಪತ್ರೆ. ಒಂದೇ ರೋಗ, ಒಂದೇ ಆಸ್ಪತ್ರೆ. ಆದರೂ ಮನೆ ಎಲ್ಲಿದೆ, ವೀಸಾ ಯಾವುದು ಎಂಬುದರ ಮೇಲೆ ಚಿಕಿತ್ಸೆಯ ಖರ್ಚು ಬೇರೆಬೇರೆಯಾಗುತ್ತದೆ.

ಕಂದು ಚರ್ಮದ ಹುಸಿ ಧೈರ್ಯ

ಮೆಲನೋಮ ಎಂಬ ಅಪಾಯಕಾರಿ ಚರ್ಮದ ಕ್ಯಾನ್ಸರ್ ಜಗತ್ತಿನಲ್ಲೇ ಅತಿ ಹೆಚ್ಚಾಗಿ ಕಾಣಿಸುವುದು ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್‌ಗಳಲ್ಲಿ. ಉತ್ತರಾರ್ಧಗೋಳದ ಸಮಾನ ಅಕ್ಷಾಂಶಗಳಿಗೆ ಹೋಲಿಸಿದರೆ ಇಲ್ಲಿನ ಬೇಸಗೆಯ ಅತಿನೇರಳೆ ಕಿರಣಗಳ ತೀವ್ರತೆ ಸುಮಾರು 40 ಶೇಕಡ ಹೆಚ್ಚು. ಕಂದು ಚರ್ಮದವರಿಗೆ ಈ ರೋಗದ ಸಂಭವ ಕಡಿಮೆ ಎಂಬುದು ನಿಜ. ಆದರೆ ಬಂದಾಗ ಅದು ಬಿಸಿಲು ಬೀಳದ ಅಂಗಾಲು, ಅಂಗೈ, ಉಗುರಿನ ಅಡಿಯಲ್ಲಿ ಕಾಣಿಸಿಕೊಳ್ಳುವುದುಂಟು. ಗಾಯಕ ಬಾಬ್ ಮಾರ್ಲಿ 1981ರಲ್ಲಿ, 36ನೆಯ ವಯಸ್ಸಿನಲ್ಲಿ ತೀರಿಕೊಂಡದ್ದು ಕಾಲ್ಬೆರಳಿನ ಉಗುರಿನಡಿ ಆರಂಭವಾದ ಮೆಲನೋಮದಿಂದ. ಹಳೆಯ ಸುಟ್ಟಗಾಯದ ಕಲೆಯಲ್ಲಿ, ವರ್ಷಗಟ್ಟಲೆ ಮಾಯದ ಹುಣ್ಣಿನಲ್ಲಿ ಇನ್ನೊಂದು ಬಗೆಯ ಚರ್ಮದ ಕ್ಯಾನ್ಸರ್ ಹುಟ್ಟಬಹುದು. ನಮಗೆ ಇದು ಬರುವುದಿಲ್ಲ ಎಂಬ ನಂಬಿಕೆಯೇ ತಡವಾಗಿ ಪತ್ತೆಯಾಗುವುದಕ್ಕೆ ಒಂದು ಕಾರಣ.

ಬಾಗಿಲಲ್ಲಿ ಶುಲ್ಕ, ಒಳಗೆ ಉಚಿತ

ಈ ದೇಶದ ಸಾರ್ವಜನಿಕ ಆಸ್ಪತ್ರೆಯಲ್ಲಿ ಅರ್ಹ ನಿವಾಸಿಗಳಿಗೆ ಶಸ್ತ್ರಚಿಕಿತ್ಸೆ, ವಿಕಿರಣ ಚಿಕಿತ್ಸೆಗಳು ಉಚಿತ. ಆದರೆ ಅಲ್ಲಿಗೆ ಹೋಗುವ ದಾರಿ ಕುಟುಂಬ ವೈದ್ಯರ ಮೂಲಕ. ವಯಸ್ಕರು ಅವರಿಗೆ ಶುಲ್ಕ ಕೊಡಬೇಕು. ಮೆಲನೋಮಕ್ಕೆ ರಾಷ್ಟ್ರೀಯ ತಪಾಸಣಾ ಕಾರ್ಯಕ್ರಮವಿಲ್ಲದ ಕಾರಣ ಮಚ್ಚೆಯೊಂದನ್ನು ಅನುಮಾನಿಸಿ ತೋರಿಸುವ ಹೊಣೆ ರೋಗಿಯದೇ. ಸರ್ಕಾರಿ ಸಾಲಿನಲ್ಲಿ ಕಾಯಲಾರದವರು ಖಾಸಗಿಯಾಗಿ ತೆಗೆಸಿಕೊಂಡರೆ ನೂರಾರು ಡಾಲರು ಕೈಬಿಡುತ್ತದೆ. ಅಪಘಾತಗಳ ಖರ್ಚು ಭರಿಸುವ ಎಸಿಸಿ ವ್ಯವಸ್ಥೆ 1974ರಿಂದಲೂ ಇದೆ. ಆದರೆ ಕೈ ಮುರಿದರೆ ನೆರವಾಗುವ ಅದು ಸಾಮಾನ್ಯವಾಗಿ ಕಾಯಿಲೆಗೆ ನೆರವಾಗುವುದಿಲ್ಲ.

ಕ್ಯಾಂಟರ್‌ಬರಿಯಲ್ಲಿ ಒಂದು ಒಳ್ಳೆಯ ಮಾದರಿಯೂ ಬೆಳೆದಿದೆ. 2008ರಲ್ಲಿ ಇಲ್ಲಿ ಆರಂಭವಾದ ಹೆಲ್ತ್‌ಪಾತ್‌ವೇಸ್ ಎಂಬ ಮಾರ್ಗಸೂಚಿ ಕುಟುಂಬ ವೈದ್ಯರನ್ನೂ ತಜ್ಞರನ್ನೂ ಒಂದೇ ಕ್ರಮಕ್ಕೆ ಬೆಸೆಯಿತು. ಚರ್ಮದ ಗಂಟುಗಳನ್ನು ತರಬೇತಿ ಪಡೆದ ಕುಟುಂಬ ವೈದ್ಯರೇ ಸರ್ಕಾರಿ ನೆರವಿನಲ್ಲಿ ತೆಗೆಯುವುದು ಈ ಸುಧಾರಣೆಗಳ ಭಾಗವಾಗಿತ್ತು. ಆದ್ದರಿಂದ ಖಾಸಗಿ ದರಕ್ಕೆ ಒಪ್ಪುವ ಮುನ್ನ "ಇದಕ್ಕೆ ಸರ್ಕಾರಿ ಅನುದಾನ ದೊರೆಯುವುದೇ?" ಎಂದು ಕೇಳುವುದು ಲೇಸು.

ಕಿಲೋಮೀಟರುಗಳ ಲೆಕ್ಕ

ತಜ್ಞರು ಬೇರೊಬ್ಬ ತಜ್ಞರ ಬಳಿಗೆ ಕಳುಹಿಸಿದಾಗ ರಾಷ್ಟ್ರೀಯ ಪ್ರಯಾಣ ನೆರವು ಯೋಜನೆ ಒದಗುತ್ತದೆ. ಕಮ್ಯುನಿಟಿ ಸರ್ವಿಸಸ್ ಕಾರ್ಡ್ ಇರುವ ವಯಸ್ಕರು ಒಂದು ಕಡೆಗೆ 80 ಕಿ.ಮೀ. ಮೀರಿ ಪ್ರಯಾಣಿಸಿದರೆ ಅರ್ಹರು. ಕಾರ್ಡ್ ಇಲ್ಲದವರು ಆರು ತಿಂಗಳಲ್ಲಿ ಆರು ಬಾರಿ, ಪ್ರತಿಸಲ ಒಂದು ಕಡೆಗೆ 50 ಕಿ.ಮೀ. ಮೀರಿ ಹೋದರೆ ಅರ್ಹರಾಗಬಹುದು. 2024ರ ಏಪ್ರಿಲ್‌ನಲ್ಲಿ ಈ ನೆರವು ಕಿ.ಮೀ.ಗೆ 28 ಸೆಂಟ್‌ನಿಂದ 34ಕ್ಕೆ ಏರಿತು. ಆಶ್‌ಬರ್ಟನ್‌ನಿಂದ ಹೋಗಿಬರುವ ಸುಮಾರು 170 ಕಿ.ಮೀ.ಗೆ ದೊರೆಯುವುದು 58 ಡಾಲರಿನಷ್ಟು. ಕಳೆದುಕೊಂಡ ದಿನದ ಕೂಲಿ ಇದರಲ್ಲಿ ಸೇರಿಲ್ಲ.

ಇಲ್ಲೊಂದು ವಿಚಿತ್ರವಿದೆ. ಪೆಂಬ್ರೊಲಿಜುಮ್ಯಾಬ್ ಔಷಧವನ್ನು ಮೂರು ವಾರಕ್ಕೊಮ್ಮೆ ಕೊಡಬಹುದು, ಹೆಚ್ಚಿನ ಪ್ರಮಾಣದಲ್ಲಿ ಆರು ವಾರಕ್ಕೊಮ್ಮೆಯೂ ಕೊಡಬಹುದು. ಆರು ವಾರದ ಕ್ರಮ ರೋಗಿಗೆ ಸುಲಭ; ಆದರೆ ಬೇರೆ ಭೇಟಿಗಳು ಸೇರದಿದ್ದರೆ ಆರು ತಿಂಗಳಲ್ಲಿ ಆರು ಎಂಬ ಸಂಖ್ಯೆ ತುಂಬುವುದಿಲ್ಲ. ಇನ್ನು ಸುಮಾರು 45 ಕಿ.ಮೀ. ದೂರದ ಡಾರ್ಫೀಲ್ಡ್‌ನವರು ಈ ಎರಡೂ ಮಿತಿಗಳ ಹೊರಗೇ ಉಳಿಯುತ್ತಾರೆ. ಇಂಥವರಿಗೆ ಕ್ಯಾನ್ಸರ್ ಸೊಸೈಟಿಯ ಸ್ವಯಂಸೇವಕರ ವಾಹನವೇ ಆಸರೆ.

ಔಷಧ ಮತ್ತು ಗಡುವು

ಔಷಧಗಳಿಗೆ ಸರ್ಕಾರಿ ಹಣ ಕೊಡಬೇಕೇ ಎಂದು ತೀರ್ಮಾನಿಸುವುದು 1993ರಲ್ಲಿ ಸ್ಥಾಪಿತವಾದ ಫಾರ್ಮ್ಯಾಕ್. ಉಲ್ಬಣಿಸಿದ ಮೆಲನೋಮಕ್ಕೆ ನಿವೊಲುಮ್ಯಾಬ್ ಮತ್ತು ಪೆಂಬ್ರೊಲಿಜುಮ್ಯಾಬ್ ಈ ಪಟ್ಟಿಗೆ ಸೇರಿದ್ದು 2016ರಲ್ಲಿ, ರೋಗಿಗಳ ಸಾರ್ವಜನಿಕ ಹೋರಾಟದ ಬಳಿಕ. 2024ರ ಜೂನ್‌ನಲ್ಲಿ ಸರ್ಕಾರ ನಾಲ್ಕು ವರ್ಷಗಳಿಗೆ 604 ಮಿಲಿಯನ್ ಡಾಲರು ಹೆಚ್ಚುವರಿಯಾಗಿ ಘೋಷಿಸಿತು.

ಅದೇ ವರ್ಷ ಜುಲೈನಿಂದ ಇನ್ನೊಂದು ಗುರಿ ಜಾರಿಗೆ ಬಂದಿತು: ಚಿಕಿತ್ಸೆಯ ನಿರ್ಧಾರವಾದ 31 ದಿನಗಳೊಳಗೆ 90 ಶೇಕಡ ಕ್ಯಾನ್ಸರ್ ರೋಗಿಗಳಿಗೆ ಚಿಕಿತ್ಸೆ ದೊರೆಯಬೇಕು. ಗುರಿ ಸ್ವಾಗತಾರ್ಹವೇ. ಆದರೆ ಗಡಿಯಾರ ಓಡಲಾರಂಭಿಸುವುದು ನಿರ್ಧಾರವಾದ ದಿನದಿಂದ. ಕುಟುಂಬ ವೈದ್ಯರು ಸಿಗುವವರೆಗಿನ ವಾರಗಳು, ತಜ್ಞರ ಮೊದಲ ಭೇಟಿಗೆ ಕಾಯುವ ತಿಂಗಳುಗಳು ಈ ಲೆಕ್ಕದಲ್ಲಿಲ್ಲ. ಹಳ್ಳಿಯ ರೋಗಿ ಕಾಲ ಕಳೆದುಕೊಳ್ಳುವುದು ಬಹುಮಟ್ಟಿಗೆ ಅಲ್ಲಿಯೇ.

ಊರಿನಿಂದ ಬರುವ ಹಿರಿಯರು

ಎರಡು ವರ್ಷ ಅಥವಾ ಹೆಚ್ಚಿನ ಅವಧಿಯ ಉದ್ಯೋಗ ವೀಸಾ ಇರುವವರು ಸಾರ್ವಜನಿಕ ಚಿಕಿತ್ಸೆಗೆ ಅರ್ಹರು. ಮೊಮ್ಮಕ್ಕಳನ್ನು ನೋಡಲು ಸಂದರ್ಶಕ ವೀಸಾದಲ್ಲಿ ಬರುವ ತಂದೆತಾಯಿಯರು ಅಲ್ಲ. ಅವರ ಚಿಕಿತ್ಸೆಗೆ ಪೂರ್ಣ ಬಿಲ್ಲು ಬರುತ್ತದೆ, ಮೊದಲೇ ಇದ್ದ ಕಾಯಿಲೆಯನ್ನು ಪ್ರವಾಸ ವಿಮೆ ಹಲವು ವೇಳೆ ಒಪ್ಪುವುದಿಲ್ಲ. ಅದೇ ಹಿರಿಯರಿಗೆ ಕರ್ನಾಟಕದಲ್ಲಿ 1973ರಿಂದ ಕಿದ್ವಾಯಿ ಸಂಸ್ಥೆಯಿದೆ. 2018ರಲ್ಲಿ ಬಂದ ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಾಗುತ್ತದೆ. ವಿಮಾನ ಹತ್ತುವ ಮೊದಲೇ ಊರಿನಲ್ಲಿ ಅಂಗಾಲಿನ ಕಪ್ಪು ಕಲೆಯನ್ನೋ ಮಾಯದ ಹುಣ್ಣನ್ನೋ ವೈದ್ಯರಿಗೆ ತೋರಿಸಿಬಿಡುವುದು ಎಲ್ಲ ವಿಮೆಗಿಂತ ಅಗ್ಗ.

ಆರಂಭದಲ್ಲೇ ಕತ್ತರಿಸಿ ತೆಗೆದರೆ ಬಹುತೇಕ ಚರ್ಮದ ಕ್ಯಾನ್ಸರ್‌ಗಳು ಗುಣವಾಗುತ್ತವೆ; ತಡವಾದರೆ ದುಬಾರಿ ಔಷಧವೂ ಎಲ್ಲರನ್ನೂ ಉಳಿಸಲಾರದು. ಕುಟುಂಬ ವೈದ್ಯರ ಬಾಗಿಲಲ್ಲಿ ಸರ್ಕಾರ ಉಳಿಸುವ ಹಣ ಆಸ್ಪತ್ರೆಯ ಒಳಗೆ ಹಲವು ಪಟ್ಟಾಗಿ ಖರ್ಚಾಗುತ್ತದೆ. ನೀತಿ ಬದಲಾಗುವವರೆಗೆ, ವರ್ಷಕ್ಕೊಮ್ಮೆ ಒಬ್ಬರ ಬೆನ್ನು, ಅಂಗಾಲುಗಳನ್ನು ಇನ್ನೊಬ್ಬರು ಬೆಳಕಿನಲ್ಲಿ ನೋಡುವ ಅಭ್ಯಾಸವನ್ನು ನಮ್ಮ ಮನೆಗಳಲ್ಲಿ ಬೆಳೆಸಿಕೊಳ್ಳಬೇಕು.