ಒಳಬರುವ ನೀರಿಗೆ ಬಾಗಿನ, ಹೊರಹೋಗುವ ನೀರಿಗೆ ಯಾರ ಕಾವಲು?

ಜಲಾಶಯ ತುಂಬಿದರೆ ಬಾಗಿನ. ಕಾಲುವೆಗೆ ನೀರು ಬಿಟ್ಟರೆ ಪೂಜೆ. ಶೌಚಾಲಯ ಕಟ್ಟಿದ ಗ್ರಾಮಕ್ಕೆ ಫಲಕ. ಪರಿಸರ ದಿನದಂದು ಸಸಿ ನೆಟ್ಟವರ ಛಾಯಾಚಿತ್ರ. ಆದರೆ ಬಸಿಗಾಲುವೆಯೊಂದರ ಹೂಳೆತ್ತಿ ಹಾರ ಹಾಕಿಸಿಕೊಂಡವರು ಎಲ್ಲಿದ್ದಾರೆ? ನೀರು, ನೈರ್ಮಲ್ಯ, ಪರಿಸರಗಳ ಹೆಸರಿನ ಲೋಕಸೇವೆಯು ಒಳಬರುವುದನ್ನು ಎಣಿಸುತ್ತದೆ, ಹೊರಹೋಗಬೇಕಾದುದನ್ನು ಮರೆಯುತ್ತದೆ. ಈ ಮರೆವಿಗೆ ಬೆಲೆ ತೆರುತ್ತಿರುವ ಸೀಮೆಗಳಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪವೂ ಒಂದು.

ಈ ಸೀಮೆಗೆ ಕಾಲುವೆ ಹೊಸದಲ್ಲ. ವಿಜಯನಗರದ ಕಾಲದ ಕಾಲುವೆಗಳ ಸಾಲಿನಲ್ಲಿ ಸಿರುಗುಪ್ಪ, ದೇಶನೂರು ಕಾಲುವೆಗಳ ಹೆಸರಿದೆ. ಅವು ನದಿಯಂಚಿನ ಭೂಮಿಗೆ ನೀರುಣಿಸಿದವು. 1953ರಲ್ಲಿ ಹೊಸಪೇಟೆಯ ಬಳಿ ತುಂಗಭದ್ರೆಗೆ ಅಣೆಕಟ್ಟು ಬಂದ ಮೇಲೆ ಬಯಲಿನ ಕಪ್ಪುಮಣ್ಣಿಗೂ ನೀರು ಹರಿಯಿತು. ಬರಪೀಡಿತ ಸೀಮೆಯ ವಿಶಾಲ ಭೂಮಿಗೆ ಮಿತವಾಗಿ ನೀರು ಹಂಚಿ, ಹೆಚ್ಚಿನ ಪಾಲಿನಲ್ಲಿ ಜೋಳ, ಹತ್ತಿಯಂಥ ಬೆಳೆಗಳನ್ನು ಉಳಿಸುವುದು ಯೋಜನೆಯ ಉದ್ದೇಶವಾಗಿತ್ತು. ನಡೆದದ್ದು ಬೇರೆ. ನೀರು ಸುಲಭವಾಗಿ ಸಿಕ್ಕಲ್ಲೆಲ್ಲ ಭತ್ತ ಹಬ್ಬಿತು. ಕಾಲುವೆಯ ತಲೆಯಲ್ಲಿ ನೀರು ನಿಂತಿತು, ಬಾಲದಲ್ಲಿ ಬತ್ತಿತು.

ಜಿಗುಟಾದ ಕಪ್ಪುಮಣ್ಣು ನೀರನ್ನು ಬೇಗ ಬಿಟ್ಟುಕೊಡುವುದಿಲ್ಲ. ನಿಂತ ನೀರಿನಿಂದ ಅಂತರ್ಜಲ ಮೇಲೇರುತ್ತದೆ. ಬಿಸಿಲಿಗೆ ನೀರು ಆವಿಯಾಗಿ ಉಪ್ಪು ಮೇಲ್ಮಣ್ಣಿನಲ್ಲಿ ಉಳಿಯುತ್ತದೆ. ಅದೇ ಸವಳು, ಜವಳು. ಬಸಿಗಾಲುವೆಯಿದ್ದರೆ ಉಪ್ಪು ನೀರಿನೊಡನೆ ಹೊರಹೋಗುತ್ತದೆ. ಅದು ಹೂಳಿನಲ್ಲಿ ಮುಚ್ಚಿದರೆ ಹೊಲವೇ ಉಪ್ಪಿನ ಹರಿವಾಣವಾಗುತ್ತದೆ.

ರೈತನನ್ನು ದೂಷಿಸುವುದು ಸುಲಭ. ಆದರೆ ನೆರೆಯ ಗದ್ದೆಯ ನೀರು ಜಿನುಗಿ ಬಂದ ಹೊಲದಲ್ಲಿ ಜೋಳ ಕೊಳೆಯುತ್ತದೆ, ಭತ್ತ ಮಾತ್ರ ನಿಲ್ಲುತ್ತದೆ. ಒಬ್ಬನ ಆಯ್ಕೆ ಮತ್ತೊಬ್ಬನ ನಿರ್ಬಂಧವಾದಾಗ ಅದು ಒಬ್ಬೊಬ್ಬರ ತಪ್ಪಲ್ಲ. ಊರೆಲ್ಲ ಕೂಡಿ ಬಿಡಿಸಬೇಕಾದ ಗಂಟು. ಕಾಲುವೆಗೆ ಹಣವಿದ್ದು ಬಸಿಗಾಲುವೆಗೆ ಇಲ್ಲವೆನ್ನುವ ಆಡಳಿತವೇ ಈ ಗಂಟನ್ನು ಬಿಗಿದದ್ದು.

ನೈರ್ಮಲ್ಯದ ಕಥೆಯೂ ಇದೇ. 1999ರ ಸಂಪೂರ್ಣ ಸ್ವಚ್ಛತಾ ಆಂದೋಲನದಿಂದ 2014ರ ಸ್ವಚ್ಛ ಭಾರತದವರೆಗೆ ಶೌಚಾಲಯಗಳ ಸಂಖ್ಯೆ ಘೋಷಣೆಯಾಯಿತು. ಅಂತರ್ಜಲ ಮೇಲಿರುವ ನೆಲದಲ್ಲಿ ಇಂಗುಗುಂಡಿ ತೋಡಿದರೆ ಗುಂಡಿಯ ಕೊಳೆ ಬಾವಿಯ ನೀರಿಗೆ ಬೆರೆಯುತ್ತದೆ. ಗುಂಡಿ ತುಂಬಿದಾಗ ಅದಕ್ಕೆ ಇಳಿಯುವವರು ಯಾರು? ಮಲ ಹೊರುವ ಪದ್ಧತಿಯನ್ನು 1993ರ ಕಾಯಿದೆ ನಿಷೇಧಿಸಿತು, 2013ರ ಕಾಯಿದೆ ಇನ್ನಷ್ಟು ಬಿಗಿಗೊಳಿಸಿತು. ಕೊಳೆ ಎಲ್ಲಿಗೆ ಹೋಗಬೇಕೆಂದು ಮೊದಲೇ ಯೋಚಿಸದ ಶೌಚಾಲಯವು ಆ ಪದ್ಧತಿಗೆ ಹಿಂಬಾಗಿಲು ತೆರೆಯುತ್ತದೆ.

ಇದು ಬಯಲಿನವರ ಸಂಕಟ, ಮಲೆನಾಡಿಗೆ ಇದರಿಂದೇನು ಎನ್ನುವವರಿದ್ದಾರೆ. ತುಂಗೆ, ಭದ್ರೆ ಹುಟ್ಟುವುದು ಗಂಗಾಮೂಲದಲ್ಲಿ, ಕೂಡುವುದು ಕೂಡ್ಲಿಯಲ್ಲಿ. ಅದೇ ನೀರು ಸಿರುಗುಪ್ಪದ ಗದ್ದೆ ಸೇರುತ್ತದೆ. ಘಟ್ಟದ ಬೋಳು ಇಳಿಜಾರಿನ ಮಣ್ಣು, ನದಿದಡದ ಪಟ್ಟಣಗಳ ಚರಂಡಿ, ಕಾರ್ಖಾನೆಗಳ ತ್ಯಾಜ್ಯ ಎಲ್ಲವೂ ಕೆಳಗಿಳಿಯುವುದು ಇದೇ ಹರಿವಿನಲ್ಲಿ. ಸುಮಾರು 133 ಟಿಎಂಸಿ ಅಡಿ ನೀರು ಹಿಡಿಯಲೆಂದು ಕಟ್ಟಿದ ತುಂಗಭದ್ರಾ ಜಲಾಶಯದ ಸಾಮರ್ಥ್ಯವು ಹೂಳಿನಿಂದಾಗಿ 2016ರ ಸಮೀಕ್ಷೆಯ ಹೊತ್ತಿಗೆ ಸುಮಾರು 105 ಟಿಎಂಸಿ ಅಡಿಗೆ ಇಳಿದಿತ್ತು. ಮಲೆನಾಡು ಹೊರಹಾಕಿದ್ದು ಬಯಲಿಗೆ ಒಳಬರುತ್ತದೆ. ಭದ್ರೆಯ ತವರಿನಲ್ಲಿ ಕುದುರೆಮುಖದ ಗಣಿ 2005ರ ಕೊನೆಗೆ ನಿಂತಿತು. ಆ ಹೋರಾಟ ಕಾಡಿಗಾಗಿ ಮಾತ್ರವಲ್ಲ, ಕೆಳಗಿನ ಹೊಲಗಳಿಗಾಗಿಯೂ ನಡೆದದ್ದು.

ಸೇವೆ ಮಾಡಬಯಸುವ ವಿದ್ಯಾರ್ಥಿಗಳು ಸಸಿಯ ಜೊತೆಗೆ ಅಳತೆಪಟ್ಟಿಯನ್ನೂ ಹಿಡಿಯಲಿ. ಮಳೆಗೆ ಮುನ್ನ, ಮಳೆಯ ನಂತರ ಬಾವಿಯ ಮಟ್ಟ ಬರೆದಿಡಲಿ. ಊರಿನ ಬಸಿಗಾಲುವೆ ಎಲ್ಲಿ ಮುಚ್ಚಿದೆ, ಯಾರ ಒತ್ತುವರಿಯಲ್ಲಿದೆ ಎಂಬ ನಕ್ಷೆಯನ್ನು ಗ್ರಾಮಸಭೆಯ ಮುಂದಿಡಲಿ. ಘಟ್ಟದ ಊರುಗಳವರು ತಮ್ಮ ಚರಂಡಿ ಹೊಳೆಗೆ ಸೇರುವ ಜಾಗಗಳನ್ನು ಪಟ್ಟಿಮಾಡಿ ಪಂಚಾಯಿತಿಯಿಂದ ಲಿಖಿತ ಉತ್ತರ ಕೇಳಲಿ. ಇದಕ್ಕೆ ಹಾರವಿಲ್ಲ, ಫಲಕವಿಲ್ಲ. ಜಗಳವೂ ಆದೀತು. ಆದರೆ ಉಪ್ಪುಗಟ್ಟಿದ ಹೊಲವನ್ನು ಬಾಗಿನವು ಸಿಹಿಮಾಡಲಾರದು.