ಕಿರುಚುವವನ ಬಾಯಿ ಮುಚ್ಚಿದ್ದು ನಾನೇ!



ಕೊಡೇಕಲ್ಲಿನ ನಮ್ಮ ಪ್ರೆಸ್ಸಿಗೆ ಒಬ್ಬ ಹುಡುಗ ಬಂದ. ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿ ಬಂದವ. ಕರಿ ಅಂಗಿ, ಅದರ ಮೇಲೆ ತಲೆಬುರುಡೆ! ಕೈಯಲ್ಲಿ ತಾನೇ ಬರೆದ ಎಂಟು ಹಾಡು. "ಅಣ್ಣಾ, ನೂರು ಪ್ರತಿ ಮಾಡಿಕೊಡ್ರಿ" ಅಂದ. ಓದಿದೆ. ಗುತ್ತೇದಾರನಿಗೆ ಬೈಗುಳ, ದೇವರಿಗೆ ಬೈಗುಳ, ಹೆತ್ತಪ್ಪನಿಗೂ ಬೈಗುಳ. ನಾನೇನು ಮಾಡಿದೆ? ಪ್ರೂಫ್ ತಿದ್ದುವ ನೆಪದಲ್ಲಿ ನಾಲ್ಕು ಸಾಲು ಹೊಡೆದುಹಾಕಿದೆ. ಹುಡುಗ ನೋಡಿದ, ಒಂದು ಮಾತೂ ಆಡಲಿಲ್ಲ. ಕಾಗದ ಮಡಚಿ ಜೇಬಿಗಿಟ್ಟುಕೊಂಡು ಹೋದ. ಕೊಟ್ಟ ಮುಂಗಡವನ್ನೂ ಕೇಳಲಿಲ್ಲ.

ಅವನ ಹಾಡಿನ ಜಾತಿಗೆ ಮೆಟಲ್ ಅನ್ನುತ್ತಾರೆ. ಗುಡುಗುವ ಗಿಟಾರು, ಎರಡೂ ಕಾಲಿನಿಂದ ತುಳಿದು ಬಾರಿಸುವ ಡ್ರಮ್ಮು, ಗಂಟಲು ಹರಿಯುವಂಥ ಅರಚಾಟ. ಹಾಡುವುದು ಸಾವು, ಯುದ್ಧ, ಸಿಟ್ಟು. ನನಗೆ ಹತ್ತು ನಿಮಿಷ ಕೇಳುವುದರೊಳಗೆ ತಲೆನೋವು ಬಂತು, ಸುಳ್ಳೇಕೆ ಹೇಳಲಿ!

"ಇದು ನಮ್ಮ ಸಂಸ್ಕೃತಿಯಲ್ಲ" ಎನ್ನುವ ಹಿರಿಯರೇ, ಹೋಳಿ ಹುಣ್ಣಿಮೆಗೆ ಹಲಗೆ ಬಡಿದು, ಲಬೋ ಲಬೋ ಹೊಯ್ಕೊಂಡು, ಗೌಡನೆನ್ನದೆ ಕುಲಕರ್ಣಿಯೆನ್ನದೆ ಬೈದು ತಿರುಗಿದವರು ಯಾರು? ಅದು ಯಾರ ಸಂಸ್ಕೃತಿ? ನಮ್ಮೂರ ಕೊಡೇಕಲ್ ಬಸವಣ್ಣನವರ ಪರಂಪರೆಯಲ್ಲಿ ಅಮರಗನ್ನಡವೆಂಬ ಗುಪ್ತಲಿಪಿಯೇ ಇದೆ. ಕಲಿತವರಿಗಷ್ಟೇ ಓದಲು ಬರುವ ಅಕ್ಷರ ಅದು. ಈ ಹುಡುಗನೂ ಹಾಗೆ ಬಚ್ಚಿಟ್ಟು ಬರೆಯಬೇಕೇ?

ಹೊಡೆದುಹಾಕುವ ಕೈ ಎಲ್ಲೆಲ್ಲೂ ಇದೆ. ಇರಾನಿನಲ್ಲಿ ಕನ್ಫೆಸ್ ಎಂಬ ಮೆಟಲ್ ತಂಡದ ಇಬ್ಬರು ಯುವಕರನ್ನು 2015ರಲ್ಲಿ ಧರ್ಮನಿಂದೆಯ ಆರೋಪ ಹೊರಿಸಿ ಹಿಡಿದರು. ಕಡೆಗೆ ಅವರು ನಾರ್ವೆಯಲ್ಲಿ ಆಶ್ರಯ ಬೇಡಬೇಕಾಯಿತು. ಇರಾನು ದೂರವೆನ್ನಬೇಡಿ. ಅದೇ 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆಬಾಗಿಲಲ್ಲೇ ಗುಂಡಿಕ್ಕಿ ಕೊಂದರು. ಅಲ್ಲಿ ಬಂದೂಕು, ಇಲ್ಲಿ ನನ್ನ ಕೆಂಪು ಪೆನ್ನು. ಎರಡೂ ಒಂದೇ ಅನ್ನುತ್ತಿಲ್ಲ, ಆದರೆ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಬೆಂಗಳೂರಿನ ಅರಮನೆ ಮೈದಾನದಲ್ಲಿ 2007ರ ಮಾರ್ಚ್ 17ರಂದು ಇಂಗ್ಲೆಂಡಿನ ಐರನ್ ಮೇಡನ್ ಬಂದು ಹಾಡಿದಾಗ ಸಾವಿರಾರು ಹುಡುಗರು ಕುಣಿದರು. ಅದೇ ಊರಲ್ಲಿ 1998ರಲ್ಲಿ ಹುಟ್ಟಿದ ಕ್ರಿಪ್ಟೋಸ್ ತಂಡ ಜರ್ಮನಿಯ ವಾಕನ್ ಉತ್ಸವಕ್ಕೂ ಹೋಗಿ ಬಂದಿದೆ. ಅವರು ಹಾಡುವುದು ಇಂಗ್ಲಿಷಿನಲ್ಲಿ. ಅವರನ್ನು ಬೈದು ಏನು ಫಲ? ಕನ್ನಡವನ್ನು ಸನ್ಮಾನಪತ್ರಕ್ಕೆ, ಲಗ್ನಪತ್ರಿಕೆಗೆ ಮಾತ್ರ ಮೀಸಲಿಟ್ಟವರು ನನ್ನಂಥವರೇ ಅಲ್ಲವೇ? ಕನ್ನಡದಲ್ಲಿ ಸಿಟ್ಟು ಬರೆದುಕೊಂಡು ಬಂದ ಒಬ್ಬನೇ ಒಬ್ಬ ಹುಡುಗನನ್ನು ಅಂಗಡಿ ಮೆಟ್ಟಿಲಿಂದ ಇಳಿಸಿ ಕಳಿಸಿ, ನವೆಂಬರ್ ಒಂದಕ್ಕೆ ಬಾವುಟ ಹಾರಿಸಿದರೆ ಆಯಿತೇ?

ಇನ್ನೊಬ್ಬರ ಜಾತಿ ಹಿಡಿದು ಹೀಯಾಳಿಸುವುದನ್ನು ನನ್ನ ಯಂತ್ರ ಈಗಲೂ ಅಚ್ಚು ಮಾಡದು. ಅವನ ಹಾಡಿನಲ್ಲಿ ಅದು ಇರಲಿಲ್ಲ. ಇದ್ದದ್ದು ಕೂಲಿ ಕೊಡದವನ ಮೇಲಿನ ಸಿಟ್ಟು.

ಅವನ ಮುಂಗಡ ಗಲ್ಲಾದಲ್ಲೇ ಇದೆ. ನಿಮ್ಮಲ್ಲಿ ಯಾರಿಗಾದರೂ ಅವನು ಸಿಕ್ಕರೆ ಹೇಳಿ: ಹೊಡೆದ ನಾಲ್ಕು ಸಾಲೂ ನನಗೀಗ ಬಾಯಿಪಾಠ, ಇದ್ದ ಜಾಗಕ್ಕೇ ಸೇರಿಸಿದ್ದೇನೆ. ಕಾಗುಣಿತ ಮಾತ್ರ ತಿದ್ದಿದ್ದೇನೆ.